ನೀರೆಱೆವಾಕೆಗೆ ಎರಡು ಮಾನ

ಆದವಾನಿಯ ಹಳೇಪೇಟೆ, ಹತ್ತಿ ಅಂಗಡಿ ಸಾಲು ದಾಟಿ
ಕೋಟೆಗುಡ್ಡದ ನೆರಳು ಬೀಳುವ ಮೂಲೆಗೆ
ಆಟೋದವನು ಬರಲೊಲ್ಲ. ಇಳಿದು ನಡೆದೆ.
ಗಾಳಿಯಲ್ಲಿ ಜಿನ್ನಿಂಗಿನ ಅರಳೆ;
ರೆಪ್ಪೆಗಂಟಿದ್ದನ್ನು ಒರೆಸುತ್ತ
ಹತ್ತು ರೂಪಾಯಿಯ ಟಿಕೆಟ್ಟು ಹರಿಸಿಕೊಂಡೆ.

ಮೂವತ್ತು ವರ್ಷ ಇದರ ಹಿಂದಿನ ಬೀದಿಯಲ್ಲೇ
ಡ್ಯೂಟಿಗೆ ಹೋಗಿ ಬಂದವಳು ನಾನು.
ಆಗಿದು ಎಮ್ಮೆ ಕಟ್ಟುವ ಜಾಗ.
ಜಾಲಿಮುಳ್ಳು, ಮುರಿದ ಗಾಡಿಗಾಲಿ,
ಗೋಡೆಗೆ ಮುಖ ಮಾಡಿ ನಿಂತ ಗಂಡಸರು.
ಈಗ ಸುಣ್ಣ, ಬೆಲ್ಲ, ಅಳಲೆಕಾಯಿ ಅರೆದು
ಹಳೆಯ ಹದದಲ್ಲೇ ಗಾರೆ ಬಳಿದಿದ್ದಾರಂತೆ.
ಮೂಸಿದರೆ ಬಾಣಂತಿ ಕೋಣೆಯ ವಾಸನೆ ಬಂತು,
ಅಥವಾ ನನ್ನ ಮೂಗಿಗೆ ಗೊತ್ತಿರುವುದು ಅದೊಂದೇ.

ಇಪ್ಪತ್ತೆರಡು ಕಲ್ಲಿನ ಜಗಲಿ.
ಎಣಿಸಿದೆ; ಬೆಡ್ಡೆಣಿಸುವ ಚಾಳಿ ಹೋಗುವುದಿಲ್ಲ.
ಒಂದೊಂದರ ಕೆಳಗೂ ಹಳದಿ ದೀಪ ಅಡಗಿಸಿಟ್ಟಿದ್ದಾರೆ.
ರೋಗಿಗಳಿಲ್ಲದ ಹಾಸಿಗೆ ಎಷ್ಟು ಚೆಂದ ಕಾಣುತ್ತದೆ!
ಏಳನೆಯದರ ಮೇಲೆ ಹೊಸ ಜೋಡಿಯೊಂದು
ಮೊಬೈಲಿಗೆ ನಗುತ್ತಿತ್ತು.
ತಲೆಯ ಕಡೆ ಯಾವುದು, ಕಾಲ ಕಡೆ ಯಾವುದು
ನನಗೆ ನೋಡಿದೊಡನೆ ತಿಳಿಯಿತು:
ಕಲ್ಲು ಸವೆದಿರುವುದು ಹಿಮ್ಮಡಿಯ ಜಾಗದಲ್ಲಿ.
ನೋವಿಗೆ ಕಾಲು ಉಜ್ಜುತ್ತಾರೆ ಜನ. ಈಗಲೂ.

ಒಳಬಾಗಿಲ ಪಕ್ಕ ಶಾಸನ.
ಮುಂದೆ ನೆಟ್ಟ ಬೋರ್ಡು ತೆಲುಗು, ಇಂಗ್ಲಿಷು;
ಕಲ್ಲು ಮಾತ್ರ ಕನ್ನಡ.
ಕಾವಲಿನ ಉರುಕುಂದಪ್ಪ ಟೋಪಿ ಸರಿಸಿ ಕೇಳಿದ:
'ನಿಮಗ ಬರ್ತದೇನಮ್ಮ ಇದು?
ಬಂದೋರೆಲ್ಲ ಫೋಟೋ ಹೊಡ್ಕಂತಾರ, ಓದೋರಿಲ್ಲ.'

ಏಳನೇ ಕ್ಲಾಸಿಗೆ ನಿಂತ ಕನ್ನಡ ನನ್ನದು.
ಆಮೇಲೆ ಕೇಸ್‌ಶೀಟು ಇಂಗ್ಲಿಷು, ಜಗಳ ತೆಲುಗು,
ಪ್ರಾರ್ಥನೆಯೊಂದು ಉಳಿದುಕೊಂಡಿತ್ತು.
ಬೆರಳಿಟ್ಟು ಹೊರಟೆ.
ಮೊದಲ ಎಂಟು ಸಾಲು ಕೊಟ್ಟವನ ಬಿರುದು,
ಅವನಪ್ಪ, ಅಪ್ಪನಪ್ಪ, ಕತ್ತಿ, ಕುದುರೆ.
ಹತ್ತನೆಯದರಲ್ಲಿ ದೀವಿಗೆಯ ಎಣ್ಣೆ, ಗಂಜಿಯ ಅಕ್ಕಿ.
ಆಮೇಲೆ 'ನೀರೆ'
ಅಲ್ಲಿಗೆ ನಿಂತೆ. ಮುಂದಿನದು ಗುರುತಿಲ್ಲದ ಅಕ್ಷರ.
ಉರುಕುಂದಪ್ಪ ಬಗ್ಗಿದ. 'ಓ, ಇದು ಬಂಡಿ ರ!
ನಮ್ಮ ತಾತ ತೆಲುಗಿನಾಗ ಬರೀತಿದ್ದ.
ಈಗ ಯಾರೂ ಬರೆಯಂಗಿಲ್ಲ.'
ಅವನ ತೆಲುಗಿನ ಗಾಲಿ ಸಿಕ್ಕಿಸಿಕೊಂಡು
ನನ್ನ ಕನ್ನಡ ಮುಂದಕ್ಕೆ ಉರುಳಿತು:

ನೀರೆಱೆವಾಕೆಗೆ ಎರಡು ಮಾನ.

ಅಷ್ಟೇ. ಹೆಸರಿಲ್ಲ.
ಅಕ್ಕಿಯೋ ಜೋಳವೋ, ಆ ಕಡೆ ಚಕ್ಕೆ ಎದ್ದಿದೆ.
ದಿನಕ್ಕೋ ತಿಂಗಳಿಗೋ ತಿಳಿಯದು.
ಎಷ್ಟು ಜನರ ಬೆನ್ನು ತಿಕ್ಕಿದಳೋ,
ಕೀವಿನ ಬಟ್ಟೆ ಬಿಡಿಸುವಾಗ ಯಾವ ಸುಳ್ಳು ಹೇಳುತ್ತಿದ್ದಳೋ,
'ಆಯ್ತು, ಆಯ್ತು, ಇನ್ನೊಂದೇ ಚೊಂಬು' ಎಂದಿರಬೇಕು.
ನಾವೆಲ್ಲ ಹೇಳುವುದು ಅದನ್ನೇ.

ತಿಪ್ಪಕ್ಕ. ಹನ್ನೆರಡನೇ ಬೆಡ್ಡು.
ಎಣ್ಣೆಮಿಲ್ಲಿನಲ್ಲಿ ಕಡಲೆಬೀಜ ಹಸನು ಮಾಡುತ್ತಿದ್ದವಳು.
ರಾತ್ರಿ ಎರಡೂವರೆಗೆ ಸೆರಗು ಹಿಡಿದಳು:
'ಎಸ್ತೇರಮ್ಮ, ತಲಿಮ್ಯಾಲೆ ಒಂದು ಚೊಂಬು ಎರಿ.
ಕೂದಲಾಗ ಇನ್ನೂ ಸಿಪ್ಪಿ ಐತಿ.'
ನೀರು ಕಾಯಿಸಬೇಕಿತ್ತು. ಇನ್ನೂ ಮೂರು ಡ್ರಿಪ್ಪು ಬಾಕಿ.
'ಬೆಳಗಾಗಲಿ' ಅಂದೆ.

ಬೆಳಗೇನೋ ಆಯಿತು.
ಎರೆದವರು ಬೇರೆ, ಓಣಿಯಲ್ಲಿ,
ನಾಲ್ಕು ಮೂಲೆಗೆ ಸೀರೆ ಹಿಡಿದು.

ಹಿತ್ತಲಲ್ಲಿ ಕಲ್ಲುದೋಣಿ, ಪಕ್ಕದಲ್ಲಿ ಬಗ್ಗಿ ಕೂರುವಷ್ಟು ಚಪ್ಪಡಿ,
ಅಲ್ಲಿಂದ ಗೋಡೆಯಾಚೆಗೆ ಬೆರಳಗಲದ ಮೋರಿ.
ಒಣಗಿ, ತೊಳೆದು, ಅಚ್ಚುಕಟ್ಟು.
ಬ್ಯಾಗಿನ ಬಾಟಲಿ ತೆರೆದು
ಬಿಸಿಲಿಗೆ ಬೆಚ್ಚಗಾಗಿದ್ದ ಅರ್ಧ ಲೀಟರು
ನಿಧಾನಕ್ಕೆ, ಒಂದು ತಲೆ ನೆನೆಯುವಷ್ಟು ನಿಧಾನಕ್ಕೆ, ಸುರಿದೆ.

'ಅಮ್ಮ, ಇಲ್ಲಿ ನೀರು ಚೆಲ್ಲಂಗಿಲ್ಲ, ಬೋರ್ಡೈತಿ'
ಅಂದ ಉರುಕುಂದಪ್ಪ.
ಅಂದು, ಮೋರಿಗೆ ಅಡ್ಡವಿದ್ದ
ತನ್ನ ಬೂಟುಗಾಲನ್ನು
ಎತ್ತಿ ಆ ಕಡೆಗಿಟ್ಟ.